ತಟ್ಟೆ ಸುತ್ತದ ಹಾಳೆ

ಪಿಂಗಾಣಿ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಅಕ್ಕ ಎಂದರೆ ಒಬ್ಬಳೇ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಊಟದ ಡಬ್ಬಿ ಕೇಳಲು ಶೆಡ್ಡಿಗೆ ಬಂದ ಸ್ವಂತ ಗಂಡನೇ ಒಮ್ಮೆ ಎಲ್ಲರ ಜೊತೆ ಸೇರಿ ಬಾಯಿತಪ್ಪಿ ಅಕ್ಕಾ ಎಂದು ಕೂಗಿಬಿಟ್ಟ. ಶೆಡ್ಡಿನ ಹೆಂಗಸರು ಆ ಒಂದು ಮಾತನ್ನು ಹಿಡಿದುಕೊಂಡು ವರ್ಷಗಟ್ಟಲೆ ಅವನ ಕಾಲೆಳೆದರು. ಆತ ಬಸ್ ಕಂಡಕ್ಟರ್. ದಿನವಿಡೀ ಬೇರೆಯವರ ಬಾಯಿಗೆ ಬೀಳುವುದು ಅಭ್ಯಾಸವಾಗಿತ್ತು, ತಲೆ ಕೆಡಿಸಿಕೊಳ್ಳಲಿಲ್ಲ.

ಕೆಲಸ ನೋಡುವುದಕ್ಕೆ ಸುಲಭ. ಭಟ್ಟಿಯಿಂದ ಬಂದ ತಟ್ಟೆಯನ್ನು ಎಡಗೈ ಬೆರಳುಗಳ ತುದಿಯ ಮೇಲೆ ನಿಲ್ಲಿಸಿ, ಬಲಗೈ ಗೆಣ್ಣಿನಿಂದ ಒಮ್ಮೆ ತಟ್ಟಬೇಕು. ಟಣ್ ಎಂದರೆ ಒಳ್ಳೆಯ ತಟ್ಟೆ. ಟಪ್ ಎಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ, ಪಕ್ಕದ ಬುಟ್ಟಿಗೆ ಹಾಕಬೇಕು. ಒಳ್ಳೆಯದನ್ನು ಹಳೆ ಪೇಪರಿನ ಹಾಳೆಯಲ್ಲಿ ಸುತ್ತಿ, ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಯೊಳಗೆ ನಿಲ್ಲಿಸಿ ಜೋಡಿಸಬೇಕು. ಮಲಗಿಸಿದರೆ ದಾರಿಯಲ್ಲಿ ಒಡೆಯುತ್ತದೆ. ಕೂಲಿ ಪೆಟ್ಟಿಗೆಯ ಲೆಕ್ಕ, ಒಡೆದದ್ದಕ್ಕೆ ಕಡಿತ. ತಗಡಿನ ಮಾಡು, ಉದ್ದನೆಯ ಮೇಜು, ಎರಡೂ ಕಡೆ ಹೆಂಗಸರು, ಮೂಗಿನ ತುಂಬ ಹುಲ್ಲಿನ ಧೂಳು. ಒಬ್ಬಳು ಸೀನಿದರೆ ಸಾಲಿಡೀ ಸೀನುತ್ತಿತ್ತು. ಬಾಯಿ ಮಾತಾಡುತ್ತಲೇ ಇರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ.

ಈ ಶೆಡ್ಡಿಗೆ ಒಂದು ನಿಯಮವಿತ್ತು. ಯಾರೂ ಬರೆದು ಹಾಕಿದ್ದಲ್ಲ, ತಾನಾಗಿ ಬೆಳೆದದ್ದು. ಅಕ್ಕನ ತಮ್ಮನ ಫೋಟೊ ಬಂದಿರುವ ಹಾಳೆಯಲ್ಲಿ ತಟ್ಟೆ ಸುತ್ತುವಂತಿಲ್ಲ.

ತಮ್ಮ ಊರಿನ ವಾಲಿಬಾಲ್ ತಂಡದಲ್ಲಿ ಆಡುತ್ತಿದ್ದ. ಅವನ ಎತ್ತರಕ್ಕೆ ಜನ ಏಣಿ ಎಂದು ಹೆಸರಿಟ್ಟಿದ್ದರು. ಅವನು ನೆಟ್ಟಿನ ಮೇಲೆ ಎದ್ದು ಹೊಡೆದ ಚೆಂಡು ಆ ಕಡೆ ನೆಲಕ್ಕೆ ಬಿದ್ದಾಗ ಬರುತ್ತಿದ್ದ ಸದ್ದಿಗಾಗಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಚಪ್ಪಲಿ ಸರಿಯಾಗಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಬೆಳೆಸಿದವಳು ಅಕ್ಕ. ಹಾಗಾಗಿ ಹಳೆ ಪೇಪರಿನ ಕಟ್ಟು ಬಿಚ್ಚಿದಾಗ ಅವನ ಮುಖ ಕಂಡರೆ ಯಾರಾದರೂ ಆ ಹಾಳೆಯನ್ನು ಮಡಚಿ, ಅಕ್ಕನ ತಲೆಯ ಮೇಲಿದ್ದ ಹಲಗೆಯ ಮೇಲೆ ಇಡುತ್ತಿದ್ದರು. ಗುಜರಿಯಿಂದ ತೂಕಕ್ಕೆ ಬರುವ ಪೇಪರು ಅದು, ಸುದ್ದಿ ಹಳಸಿ ತಿಂಗಳು ಎರಡು ತಿಂಗಳಾಗಿರುತ್ತಿತ್ತು. ಆದರೂ ಅಕ್ಕ ಅದನ್ನು ಅಂದೇ ಬಂದ ಸುದ್ದಿಯಂತೆ ಓದುತ್ತಿದ್ದಳು. ಸೋತ ಆಟದ ಸುದ್ದಿಯನ್ನೂ ಓದುತ್ತಿದ್ದಳು, ಆದರೆ ಮನಸ್ಸಿನಲ್ಲಿ.

ತಂಡದ ಒಡೆಯರೂ ಕಾರ್ಖಾನೆಯ ಒಡೆಯರೂ ಒಬ್ಬರೇ. ಯಜಮಾನರು ಎಂದು ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯನಿಗೆ ತಟ್ಟೆಗಿಂತ ಚೆಂಡಿನ ಮೇಲೆ ಪ್ರೀತಿ ಜಾಸ್ತಿ. ಗೆಲ್ಲಬೇಕೆಂಬ ಹುಚ್ಚಿತ್ತು. ಕೆಟ್ಟವರೇನಲ್ಲ. ಆದರೆ ಒಬ್ಬರ ಒಳ್ಳೆಯತನ ಕೈಗೆ ಸಿಕ್ಕಿದರೆ ಅದನ್ನು ನಾಲ್ಕು ಕಡೆ ಬಳಸುವ ಜಾಣತನ ಅವರಿಗೆ ಹುಟ್ಟಿನಿಂದಲೇ ಬಂದಿತ್ತು.

ಒಂದು ಸಂಜೆ ತಮ್ಮ, ಅಕ್ಕನ ಮನೆಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಅರ್ಧ ಕೋಣೆ ತುಂಬುವಂತೆ ಕಾಲು ಚಾಚಿ ಕುಳಿತ. ಪಕ್ಕದ ಊರಿನ ತಂಡದಲ್ಲಿ ಒಬ್ಬ ಆಟಗಾರನಿದ್ದ, ಎದುರಾಳಿ ಹೊಡೆದ ಚೆಂಡನ್ನು ನೆಟ್ಟಿನ ಬಳಿಯೇ ತಡೆಯುವವನು. ಅವನನ್ನು ಕೋಟೆ ಎಂದು ಕರೆಯುತ್ತಿದ್ದರು. ಅವನು ಬಂದರೆ ಟ್ರೋಫಿ ಬಂದಂತೆಯೇ. ಆದರೆ ಅವನು ಕೇಳಿದಷ್ಟು ಕೊಡಲು ಯಜಮಾನರ ಬಳಿ ಇಲ್ಲ.

“ನನ್ನ ಸಂಬಳದಲ್ಲಿ ಒಂದಷ್ಟು ಕಡಿಮೆ ಮಾಡಿ ಅವನಿಗೆ ಕೊಡಿ ಅಂತ ಹೇಳೋಣ ಅಂತಿದೀನಿ. ಏನಂತೀಯಾ?” ಎಂದ ತಮ್ಮ.

“ಗೆಲ್ಲೋ ಆಸೆ ಇದೆಯಾ?”

“ಇದೆ.”

“ಹಾಗಾದ್ರೆ ಹೇಳು. ಸ್ವಲ್ಪ ಕಡಿಮೆ ತಗೊಂಡ್ರೆ ಯಾರ ಗಂಟು ಹೋಗುತ್ತೆ? ನಿನಗೇನು ಹೆಂಡ್ತಿನಾ, ಮಕ್ಕಳಾ.”

ಮೂಲೆಯಲ್ಲಿ ಸಮವಸ್ತ್ರದ ಗುಂಡಿ ಹೊಲಿದುಕೊಳ್ಳುತ್ತಿದ್ದ ಕಂಡಕ್ಟರ್ ತಲೆಯೆತ್ತಿದ. “ಬೇರೆಯವರ ದುಡ್ಡು ಬಿಟ್ಟುಕೊಡೋವಾಗ ನಿಮ್ಮಕ್ಕನ ಕೈ ಬಹಳ ದೊಡ್ಡದು ಕಣಪ್ಪಾ. ನಾನು ಒಂದು ಟೀ ಕುಡಿದ್ರೆ ಮಾತ್ರ ಲೆಕ್ಕ ಕೇಳ್ತಾಳೆ.”

ಮೂವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಆ ವರ್ಷ ತಂಡ ಟ್ರೋಫಿ ಗೆದ್ದಿತು. ಅಲ್ಲಿಯವರೆಗೆ ಎಂದೂ ಗೆದ್ದಿರಲಿಲ್ಲ, ಹಾಗಾಗಿ ಊರು ತಮ್ಮನನ್ನು ತಲೆಯ ಮೇಲೆ ಹೊತ್ತು ಕುಣಿಯಿತು. ಸಂಬಳ ಬಿಟ್ಟುಕೊಟ್ಟ ಕಥೆಯನ್ನು ಯಜಮಾನರೇ ಮೈಕಿನಲ್ಲಿ ಹೇಳಿದರು. ಟೀ ಅಂಗಡಿಯವನು ಅವನಿಂದ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಕ್ಷೌರದವನು ತಲೆ ಹಿಡಿದಷ್ಟು ಹೊತ್ತೂ ಹೊಗಳಿ, ಕೊನೆಗೆ ಕೈಮುಗಿದು ಕಳಿಸಿದ. ಒಂದು ವಾರದ ನಂತರ ಕಾರ್ಖಾನೆಗೆ ದೊಡ್ಡದೊಂದು ಪೋಸ್ಟರ್ ಬಂತು. ತಮ್ಮ ಟ್ರೋಫಿ ಎತ್ತಿ ಹಿಡಿದು ನಗುತ್ತಿದ್ದಾನೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ತಂಡ ಮೊದಲು, ನಾನು ಆಮೇಲೆ’ ಎಂದಿದೆ. ಅದನ್ನು ಶೆಡ್ಡಿನಲ್ಲಿ ಎಲ್ಲಿ ಹಚ್ಚಬೇಕೆಂದು ತೋರಿಸಿದವಳು ಅಕ್ಕನೇ. ಬೆಳಕು ಚೆನ್ನಾಗಿ ಬೀಳುವ ಗೋಡೆ, ಎಲ್ಲರ ಕಣ್ಣಿಗೂ ನೇರ. ಬೆಳಿಗ್ಗೆ ಬಂದ ಕೂಡಲೇ ಸ್ಟೂಲ್ ಹತ್ತಿ ಅವನ ಮುಖದ ಮೇಲಿನ ಧೂಳು ಒರೆಸಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದಳು. ಅವಳ ಎದುರಿಗೆ ಕೂರುತ್ತಿದ್ದ ಮೆಣಸಿನಕಾಯಿ ಇದನ್ನು ನೋಡಿ ನಗುತ್ತಿದ್ದಳು. ಆಕೆಯ ನಾಲಿಗೆಗೆ ಸಿಕ್ಕವರು ಕಣ್ಣೀರು ಹಾಕಿಕೊಂಡೇ ಹೋಗಬೇಕಿತ್ತು, ಹೆಸರು ಬಂದದ್ದು ಅದಕ್ಕೆ.

“ಚಿಕ್ಕವನಿದ್ದಾಗ ಮೂಗು ಒರೆಸಿ ಒರೆಸಿ ಅಭ್ಯಾಸ ಆಗಿದೆ ನಮ್ಮಕ್ಕಂಗೆ,” ಎಂದು ಅವಳು ಹೇಳಿದರೆ ಅಕ್ಕನಿಗೆ ಒಳಗೊಳಗೇ ಖುಷಿ.

ಮರುವರ್ಷ ಕಾರ್ಖಾನೆಯಲ್ಲಿ ಹೊಸ ನಮೂನೆಯ ತಟ್ಟೆ ಶುರುವಾಯಿತು. ಅಗಲ ಜಾಸ್ತಿ, ದಪ್ಪ ಕಡಿಮೆ. ನೋಡಲು ಚಂದ, ಮುಟ್ಟಿದರೆ ಬಿರುಕು. ಪೆಟ್ಟಿಗೆ ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಕಡಿತವೂ ಹೆಚ್ಚಾಯಿತು. ದುಡಿತ ಅಷ್ಟೇ, ವಾರದ ಕೊನೆಗೆ ಕೈಗೆ ಬರುವುದು ಮಾತ್ರ ಇಳಿಯುತ್ತ ಬಂತು. ಪೆಟ್ಟಿಗೆಯ ದರ ಏರಿಸಿ ಎಂದು ಕೇಳಬೇಕೆಂದು ಹೆಂಗಸರು ಮಾತಾಡಿಕೊಂಡರು. ಯಾರು ಕೇಳಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಶೆಡ್ಡಿನಲ್ಲಿ ಅಕ್ಕ ಎಂದರೆ ಒಬ್ಬಳೇ, ಸಾಲದ್ದಕ್ಕೆ ಏಣಿಯ ಅಕ್ಕ.

ಯಜಮಾನರು ಎದ್ದು ನಿಂತು ಅವಳಿಗೆ ಕುರ್ಚಿ ಕೊಟ್ಟರು. ಟೀ ತರಿಸಿದರು. ಅವಳು ಹೊಸ ತಟ್ಟೆಯೊಂದನ್ನು ಕೈಯಲ್ಲೇ ಹಿಡಿದು ಹೋಗಿದ್ದಳು. ಅಂಚು ಎಷ್ಟು ತೆಳು ನೋಡಿ, ಇಷ್ಟು ತೆಳುವಿಗೆ ಎರಡು ಸುತ್ತು ಪೇಪರ್ ಬೇಕು, ಹುಲ್ಲು ಬೇಕು, ಹೊತ್ತು ಬೇಕು ಎಂದು ಒಂದೊಂದಾಗಿ ಹೇಳಿದಳು. ಅವರು ಎಲ್ಲವನ್ನೂ ತಲೆದೂಗುತ್ತ ಕೇಳಿದರು. ಕೊನೆಗೆ ಬೆನ್ನ ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿಯೂ ಅದೇ ಪೋಸ್ಟರ್.

“ನಾನೇನೂ ಹೇಳಲ್ಲಮ್ಮಾ. ನಿನ್ನ ತಮ್ಮನೇ ಹೇಳ್ತಾನೆ, ಓದು. ಅವನ ಹತ್ರ ನಾನು ಬಾಯಿಬಿಟ್ಟು ಕೇಳಿದ್ನಾ? ತಾನಾಗಿ ಬಂದು ಬಿಟ್ಟುಕೊಟ್ಟ. ಇಡೀ ಊರಲ್ಲಿ ಅವನಿಗಿಂತ ದೊಡ್ಡ ಕೆಲಸಗಾರ ಯಾರಿದಾರೆ? ಅವನೇ ಕಡಿಮೆಗೆ ಒಪ್ಪಿರೋವಾಗ, ಹುಲ್ಲು ತುಂಬೋರು ಜಾಸ್ತಿ ಕೇಳಿದ್ರೆ ಜನ ನಗಲ್ವಾ?”

ರೇಷನ್ ಅಂಗಡಿಯವನ ಜೊತೆ, ಮನೆ ಬಾಡಿಗೆಯವನ ಜೊತೆ, ಮೂರು ಸಲ ತಮ್ಮನನ್ನು ಫೇಲ್ ಮಾಡಿದ ಮೇಷ್ಟರ ಜೊತೆ ಗಂಟಲು ಹರಿಯುವಂತೆ ವಾದ ಮಾಡಿದವಳು ಅಕ್ಕ. ಆ ದಿನ ತಟ್ಟೆಯನ್ನು ಎದೆಗವಚಿಕೊಂಡು ತೆಪ್ಪಗೆ ಎದ್ದು ಬಂದಳು. ಟೀ ಲೋಟದಲ್ಲೇ ಉಳಿಯಿತು.

ಶೆಡ್ಡಿನಲ್ಲಿ ಎಲ್ಲರ ಕೈಯೂ ನಿಂತಿತ್ತು. ನಡೆದದ್ದನ್ನು ನಡೆದಂತೆಯೇ ಹೇಳಿದಳು, ಅದರಲ್ಲಿ ಅವಳದು ಕಳ್ಳತನವಿಲ್ಲ. ಯಾರೂ ಬೈಯಲಿಲ್ಲ. ಮೆಣಸಿನಕಾಯಿ ಹಳೆ ಪೇಪರಿನ ಕಟ್ಟಿನೊಳಗೆ ಕೈ ಹಾಕಿ ಹುಡುಕಿದಳು. ಒಂದೆರಡು ಹಾಳೆ ಆಚೆ ಸರಿಸಿ, ತನಗೆ ಬೇಕಾದದ್ದು ಸಿಕ್ಕಿದ ಮೇಲೆ ಹೊರಗೆಳೆದು ಮೇಜಿನ ಮೇಲೆ ಹಾಸಿದಳು. ಕಟ್ಟಿನಡಿ ಉಳಿದಿದ್ದ ಹಿಂದಿನ ವರ್ಷದ ಹಾಳೆ, ಟ್ರೋಫಿ ಹಿಡಿದ ತಮ್ಮನ ಮುಖ. ಅದರ ನಟ್ಟನಡುವೆ ತಟ್ಟೆಯಿಟ್ಟು, ನಾಲ್ಕು ಮೂಲೆ ಮಡಚಿ, ಸುತ್ತಿ, ಪೆಟ್ಟಿಗೆಯಲ್ಲಿ ನಿಲ್ಲಿಸಿದಳು. ಅಕ್ಕನ ಕಣ್ಣನ್ನೇ ನೋಡುತ್ತ ಮಾಡಿದಳು.

ಕೆನ್ನೆಗೆ ಹೊಡೆದಿದ್ದರೆ ಅಕ್ಕ ತಿರುಗಿ ಹೊಡೆಯುತ್ತಿದ್ದಳು. ಇದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆ ದಿನದಿಂದ ಹಲಗೆಯ ಮೇಲೆ ಯಾರೂ ಹಾಳೆ ಇಡಲಿಲ್ಲ. ಸ್ಟೂಲ್ ಹತ್ತಿ ಧೂಳು ಒರೆಸುವುದನ್ನು ಅಕ್ಕನೂ ಬಿಟ್ಟಳು. ಎಲ್ಲಕ್ಕಿಂತ ಅವಳನ್ನು ಸುಟ್ಟದ್ದು ಒಂದೇ ವಿಷಯ. ಕಡಿಮೆ ತೆಗೆದುಕೋ ಎಂದವಳು ತಾನು. ಈ ಗೋಡೆಗೇ ಹಚ್ಚಿ ಎಂದವಳೂ ತಾನೇ.

ತಮ್ಮ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ. ಅಕ್ಕ ಹೋದಾಗ ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದ. ಅವಳು ಬಾಗಿಲಲ್ಲೇ ನಿಂತು ವಿಷಯ ಹೇಳಿದಳು.

“ನಾನೇ ಹೇಳಿ ಮಾಡಿಸಿದ್ದು. ಈಗ ನಾನೇ ಪೂರ್ತಿ ಸಂಬಳ ಕೇಳು ಅನ್ನೋಕೆ ಬಂದಿದೀನಿ. ನಾಚಿಕೆ ಆಗ್ತಿದೆ. ಆದ್ರೂ ಬಂದಿದೀನಿ.”

ತಮ್ಮ ನೀರಿನ ಚೀಲವನ್ನು ಇನ್ನೊಂದು ಮಂಡಿಗೆ ಬದಲಿಸಿದ. “ನಾನು ಪೂರ್ತಿ ಕೇಳಿದ್ರೆ ಕೋಟೆ ಹೋಗ್ತಾನಕ್ಕಾ. ಇಬ್ಬರಿಗೂ ಕೊಡೋಕೆ ಅವರ ಹತ್ರ ನಿಜವಾಗ್ಲೂ ಇಲ್ಲ. ಅವನು ಹೋದ್ರೆ ನಾವು ಗೆಲ್ಲಲ್ಲ.”

“ಗೊತ್ತು.”

“ಇನ್ನೊಂದು ವಿಷಯ. ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ? ಒಳ್ಳೆಯವನು ಅನ್ನಿಸಿಕೊಳ್ಳೋದು ನನಗೆ ಹಿಡಿಸಿಬಿಟ್ಟಿದೆ. ಚೆನ್ನಾಗಿ ಆಡ್ತಾನೆ ಅಂತ ಮೊದಲೂ ಅಂತಿದ್ರು. ಈಗ ರಸ್ತೆಲಿ ಹೋದ್ರೆ ವಯಸ್ಸಾದವರೂ ಎದ್ದು ನಿಲ್ತಾರೆ. ಅದನ್ನ ಬಿಡು ಅಂತೀಯಲ್ಲ.”

ಅಕ್ಕನಿಗೆ ಸಿಟ್ಟು ಬರಲಿಲ್ಲ. ಅವನ ಅಕ್ಕ ಅನ್ನಿಸಿಕೊಳ್ಳುವುದು ತನಗೂ ಎಷ್ಟು ಹಿಡಿಸಿತ್ತು ಎಂಬುದು ಅವಳಿಗೆ ಗೊತ್ತಿತ್ತು. “ಏನೂ ಬಿಡಬೇಡ. ಒಂದ್ಸಲ ಶೆಡ್ಡಿಗೆ ಬಂದು ಹೋಗು, ಸಾಕು,” ಎಂದು ಹೇಳಿ ಮೆಟ್ಟಿಲಿಳಿದಳು.

ಎರಡು ದಿನ ಬಿಟ್ಟು ಬಂದ. ತಗಡಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವನನ್ನು ನೋಡಿ ಯಾರೂ ಏಳಲಿಲ್ಲ. ಹಿಂದೆಲ್ಲ ಅವನು ಬಂದರೆ ಹುಲ್ಲು ಹಾರಿಸಿ ಗದ್ದಲ ಮಾಡುತ್ತಿದ್ದ ಹೆಂಗಸರು ಈಗ ತಟ್ಟೆ ತಟ್ಟುತ್ತಲೇ ಇದ್ದರು. ಅವನು ಎಲ್ಲಿ ನೋಡಬೇಕೆಂದು ತೋಚದೆ ಗೋಡೆ ನೋಡಿದ. ಗೋಡೆಯ ಮೇಲೆ ತಾನೇ ಇದ್ದ, ಮುಖದ ಮೇಲೆ ಬೆರಳಲ್ಲಿ ಗೀರಬಹುದಾದಷ್ಟು ಧೂಳು.

ಮೆಣಸಿನಕಾಯಿ ತಲೆಯೆತ್ತದೆ ಹೇಳಿದಳು. “ನಮ್ಮ ಮನೆಗಳಲ್ಲಿ ಎರಡು ಒಲೆ ಇದ್ರೆ ಒಂದನ್ನೇ ಹಚ್ತಿದೀವಿ ಕಣಪ್ಪಾ. ನಾವು ಏನು ಕೇಳಿದ್ರೂ ಗೋಡೆ ಮೇಲಿರೋನು ಬೇಡ ಬೇಡ ಅಂತಾನೆ. ನೀನೂ ಅದನ್ನೇ ಹೇಳೋಕೆ ಬಂದ್ಯಾ?”

“ನಾನು ಹೀಗೆ ಹೇಳೇ ಇಲ್ಲ,” ಎಂದ ಅವನು, ಪೋಸ್ಟರಿನ ಅಕ್ಷರಗಳನ್ನು ಇನ್ನೊಮ್ಮೆ ಓದುತ್ತ. “ನಾನು ಹೇಳಿದ್ದು ಕೋಟೆನ ಕರೆಸಿ ಅಂತ ಅಷ್ಟೇ.”

“ಅದು ನಮಗೆ ಹೇಗೆ ಗೊತ್ತಾಗ್ಬೇಕು? ನಮಗೆ ಸಿಕ್ಕಿರೋದು ಇದು.”

ಅವನು ಅಕ್ಕನ ಕಡೆಯೂ ನೋಡದೆ ಬಗ್ಗಿ ಹೊರಗೆ ಹೋದ. ಅವಳಿಗೆ ಕರೆಸಿ ಅವಮಾನ ಮಾಡಿಸಿದೆನೇನೋ ಎಂದು ಆ ವಾರವೆಲ್ಲ ಊಟ ಸೇರಲಿಲ್ಲ.

ಆಟದ ಋತುವಿಗೆ ಮುಂಚೆ ಪತ್ರಕರ್ತರನ್ನು ಕರೆದು ಆಟಗಾರರಿಂದ ಸಹಿ ಹಾಕಿಸುವುದು ಯಜಮಾನರ ಪದ್ಧತಿ. ಆ ದಿನ ಏನಾಯಿತೆಂಬುದು ಅಕ್ಕನಿಗೆ ಮೊದಲು ತಿಳಿದದ್ದು ಗಂಡನ ಮೂಲಕ, ಗಂಡನಿಗೆ ತಿಳಿದದ್ದು ಪ್ರಯಾಣಿಕರ ಮೂಲಕ. ಬಸ್ಸಿನಲ್ಲಿ ಒಂದೊಂದು ಸ್ಟಾಪಿಗೆ ಸುದ್ದಿ ಬೆಳೆದಿತ್ತು. ಒಬ್ಬ ಹತ್ತಿ ಏಣಿ ಎರಡು ಪಟ್ಟು ಸಂಬಳ ಕೇಳಿದ ಎಂದ. ಇನ್ನೊಬ್ಬ ಹತ್ತಿ ಐದು ಪಟ್ಟು ಎಂದ. ಮಾರ್ಕೆಟ್ ಸ್ಟಾಪಿನಲ್ಲಿ ಹತ್ತಿದ ಹೂಕೋಸಿನ ವ್ಯಾಪಾರಿ, ಏಣಿ ಯಜಮಾನರ ಕಾಲರ್ ಹಿಡಿದನಂತೆ ಎಂದು ಒಗ್ಗರಣೆ ಹಾಕಿದ.

“ಇನ್ನೂ ಎರಡು ಸ್ಟಾಪ್ ಇದ್ದಿದ್ರೆ ನಿನ್ನ ತಮ್ಮ ಜೈಲಲ್ಲಿರ್ತಿದ್ದ,” ಎಂದ ಕಂಡಕ್ಟರ್ ಟೋಪಿ ತೆಗೆಯುತ್ತ.

ಹಿಂದೆಯೇ ತಮ್ಮ ಬಂದ. ಕೈಕಾಲು ತೊಳೆದು, ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ಕುಳಿತು, ನಡೆದದ್ದನ್ನು ಹೇಳಿದ. ಅವನು ಪೂರ್ತಿ ಸಂಬಳ ಕೇಳಿದ್ದಕ್ಕೆ ಸಹಿಗೆ ಮುಂಚೆ ಯಜಮಾನರು ಅವನನ್ನು ಒಳಗೆ ಕರೆದಿದ್ದರು. ಪೂರ್ತಿ ಸಂಬಳ ಕೊಡ್ತೀನಿ, ಕೋಟೆಯನ್ನು ಕಳಿಸ್ತೀನಿ, ಆದರೆ ಹೊರಗೆ ಯಾರಿಗೂ ತಿಳಿಯಬಾರದು, ಕಡಿಮೆ ಸಂಬಳದ ಹಳೆ ಮಾತೇ ನಡೆಯಲಿ ಎಂದಿದ್ದರು. ಅವನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಹೊರಗೆ ಬಂದು ಕುಳಿತ ಮೇಲೆ ಪತ್ರಕರ್ತನೊಬ್ಬ, ಈ ವರ್ಷವೂ ಕಡಿಮೆ ಸಂಬಳಕ್ಕೇನಾ ಎಂದು ಕೇಳಿದ. ಯಜಮಾನರು ಇವನ ಹೆಗಲ ಮೇಲೆ ಕೈಯಿಟ್ಟು, ನಮ್ಮ ಹುಡುಗನಿಗೆ ದುಡ್ಡಿನ ಆಸೆ ಇಲ್ಲ ಎಂದರು.

“ನಾನು ‘ಇದೆ’ ಅಂದೆ,” ಎಂದ ತಮ್ಮ.

“ಅಷ್ಟೇನಾ?”

“ಈ ವರ್ಷ ಪೂರ್ತಿ ಸಂಬಳಕ್ಕೆ ಸಹಿ ಹಾಕ್ತಿದೀನಿ, ಕೆಲಸ ಮಾಡೋ ಯಾರೇ ಆದ್ರೂ ಕೇಳೋದ್ರಲ್ಲಿ ತಪ್ಪಿಲ್ಲ ಅಂದೆ. ಫೋಟೊ ತೆಗೆದರು. ನನ್ನ ಬಾಯಿ ತೆರೆದೇ ಇತ್ತು.”

ಅಕ್ಕ ಊಟಕ್ಕಿಟ್ಟಳು. ಅವನು ತಟ್ಟೆ ನೋಡುತ್ತ, “ಟೀ ಅಂಗಡಿಯವನು ಇವತ್ತು ದುಡ್ಡು ಇಸ್ಕೊಂಡ,” ಎಂದ.

“ಕೊಡು. ಕುಡಿದಿದೀಯಲ್ಲ,” ಎಂದಳು ಅಕ್ಕ. ನೀರು ತರುವ ನೆಪ ಮಾಡಿಕೊಂಡು ಒಳಗೆ ಹೋದಳು.

ಮರುದಿನ ಶೆಡ್ಡಿನ ಗೋಡೆಯ ಮೇಲೆ ಪೋಸ್ಟರ್ ಇರಲಿಲ್ಲ, ಅದಿದ್ದಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಹೆಂಗಸರು ಮತ್ತೆ ಅಕ್ಕನನ್ನೇ ಕಳಿಸಿದರು. ಈ ಸಲ ಯಜಮಾನರು ಕುರ್ಚಿ ಕೊಡಲಿಲ್ಲ, ಟೀ ತರಿಸಲಿಲ್ಲ. ಅವರ ಬೆನ್ನ ಹಿಂದೆಯೂ ಖಾಲಿ ಗೋಡೆ. ಮುಖ ಗಂಟುಹಾಕಿಕೊಂಡೇ ಮಾತಾಡಿದರು, ಅಕ್ಕನೂ ನಿಂತುಕೊಂಡೇ ವಾದ ಮಾಡಿದಳು. ಈ ಸಲ ಮಾತು ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯ ದರ ಏರಿತು. ಕೇಳಿದಷ್ಟಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲೆ. ಹೊಸ ತಟ್ಟೆ ಒಡೆದರೆ ಕಡಿತ ಬೇಡ ಎಂಬುದಕ್ಕೆ ಅವರು ಒಪ್ಪಲೇ ಇಲ್ಲ.

ದರ ಏರಿದ್ದಕ್ಕೆ ಶೆಡ್ಡಿನಲ್ಲಿ ಎಲ್ಲರಿಗೂ ಖುಷಿಯಾಯಿತು, ಅಕ್ಕನನ್ನು ಮಾತಾಡಿಸಿದರು. ತಮ್ಮನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ, ಊರು ಅವನ ಹೆಸರೆತ್ತಿದರೆ ಉಗಿಯುತ್ತಿತ್ತು. ಕೋಟೆ ತನ್ನ ಹಳೆಯ ತಂಡಕ್ಕೆ ವಾಪಸು ಹೋದ. ಸೆಮಿಫೈನಲ್‌ನಲ್ಲಿ ಆ ತಂಡವೇ ಎದುರು ಸಿಕ್ಕಿತು. ತಮ್ಮ ಎದ್ದು ಎದ್ದು ಹೊಡೆದ, ಕೋಟೆ ಕೈ ಎತ್ತಿ ಎತ್ತಿ ತಡೆದ. ಅಕ್ಕ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದಳು. ಹಿಂದಿನ ಸಾಲಿನಿಂದ ಒಬ್ಬ, “ಸಂಬಳ ಪೂರ್ತಿ ತಗೊಂಡ್ಯಲ್ಲೋ, ಆಟ ಎಲ್ಲಿಟ್ಟೆ?” ಎಂದು ಕೂಗಿದ. ಅವಳಿಗೆ ತಿರುಗಿ ಅವನ ಜುಟ್ಟು ಹಿಡಿಯಬೇಕೆನಿಸಿತು. ಆದರೆ ಸೋಲಿಸಿದವಳು ತಾನೇ ಎಂದೂ ಅನಿಸುತ್ತಿತ್ತು. ಮುಂದಿನ ವಾರದ ಕೂಲಿ ನೆನೆದರೆ ಸಮಾಧಾನವೂ ಆಗುತ್ತಿತ್ತು, ಆ ಸಮಾಧಾನಕ್ಕೆ ನಾಚಿಕೆಯೂ ಆಗುತ್ತಿತ್ತು. ತಂಡ ಸೋತಿತು. ತಮ್ಮ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದ.

ಅದೆಲ್ಲ ಮುಗಿದು ಎಷ್ಟೋ ದಿನದ ನಂತರ ಶೆಡ್ಡಿಗೆ ಹಳೆ ಪೇಪರಿನ ಹೊಸ ಕಟ್ಟುಗಳು ಬಂದವು. ಮಧ್ಯಾಹ್ನದ ಊಟ ಆಗಿತ್ತು, ಎಲ್ಲರೂ ತೂಕಡಿಸುತ್ತಲೇ ಕೆಲಸ ಮಾಡುತ್ತಿದ್ದರು. ಮೆಣಸಿನಕಾಯಿ ಕಟ್ಟಿನ ದಾರ ಹಲ್ಲಿನಿಂದ ಕಡಿದು ಬಿಚ್ಚಿದಳು. ಒಂದು ಹಾಳೆ ತೆಗೆದು ಸುತ್ತಿದಳು, ಇನ್ನೊಂದು ತೆಗೆದಳು. ಮೂರನೆಯದನ್ನು ತೆಗೆದವಳು ಕೈಯಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು.

ಅಕ್ಕನಿಗೆ ಎದುರಿನಿಂದ ತಲೆಕೆಳಗಾಗಿ ಕಂಡಿತು. ‘ದುಡ್ಡಿನ ಆಸೆ ಇದೆ ಎಂದ ಏಣಿ’ ಎಂಬ ಅಗಲದ ಅಕ್ಷರ, ಕೆಳಗೆ ತಮ್ಮನ ಫೋಟೊ. ಬಾಯಿ ತೆರೆದೇ ಇತ್ತು, ಅವನು ಹೇಳಿದ್ದಂತೆ. ಇಷ್ಟು ಕೆಟ್ಟ ಫೋಟೊ ಅವನದು ಅವಳು ನೋಡಿರಲಿಲ್ಲ. ಸುತ್ತಿಬಿಡಲಿ ಬೇಗ ಎಂದುಕೊಂಡು ಕಣ್ಣು ತಗ್ಗಿಸಿ ತನ್ನ ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತ ಕುಳಿತಳು.

ಪೇಪರ್ ಸವರುವ ಸದ್ದು ಕೇಳಿಸಿತು. ಮೆಣಸಿನಕಾಯಿ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಬಿಡಿಸುತ್ತಿದ್ದಳು. ಒಂದು ಮಡಿಕೆ, ಎರಡು ಮಡಿಕೆ. ಎದ್ದು, ಮೇಜಿನ ತುದಿ ಸುತ್ತಿಕೊಂಡು ಈ ಕಡೆ ಬಂದು, ಅಕ್ಕನ ತಲೆಯ ಮೇಲಿನ ಹಲಗೆಯಲ್ಲಿದ್ದ ಹಳೆಯ ಹಾಳೆಗಳ ಧೂಳು ಊದಿ, ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಧೂಳಿಗೆ ತಾನೇ ಸೀನಿದಳು. ಸಾಲಿಡೀ ಒಬ್ಬರ ಹಿಂದೊಬ್ಬರು ಸೀನಿದರು.

“ತಟ್ಟೆ ತಳ್ಳಕ್ಕಾ ಈ ಕಡೆ, ಪೆಟ್ಟಿಗೆ ಅರ್ಧಕ್ಕೇ ನಿಂತಿದೆ,” ಎಂದು ತನ್ನ ಜಾಗದಲ್ಲಿ ಕುಳಿತು ಇನ್ನೊಂದು ಹಾಳೆ ಎಳೆದುಕೊಂಡಳು.

ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಗೆಣ್ಣಿನಿಂದ ತಟ್ಟಿದಳು. ಎರಡನೆಯ ಸಲ ತಟ್ಟಬೇಕಾಯಿತು, ಮೊದಲ ಸಲದ ಸದ್ದು ಅವಳ ಕಿವಿಗೆ ಬೀಳಲೇ ಇಲ್ಲ.